ಜಡೆಗಟ್ಟಿದ ರೋಮ, ಹೆದರಿದ ಜೀವ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ವೀರಗಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಕಾಲದ ಆ ಕಲ್ಲು 'ಕಾಳಿ' ಎಂಬ ಹೆಸರಿನ ಬೇಟೆನಾಯಿಯ ಸ್ಮಾರಕ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನು ಒಡೆಯನ ಮೆಚ್ಚುಗೆಯಾಗಿ ಪಡೆದದ್ದು ಈ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿದಾಗ ಅವನು ಕಲ್ಲು ನಿಲ್ಲಿಸಿ ಗೌರವಿಸಿದನು. ಮನೆಯ ಪ್ರಾಣಿಯನ್ನು ಮನೆಯವರಂತೆಯೇ ಕಂಡು ಕೃತಜ್ಞತೆ ಸಲ್ಲಿಸುವುದು ಕನ್ನಡ ನಾಡಿಗೆ ಹೊಸದಲ್ಲವೆಂಬುದಕ್ಕೆ ಸಾವಿರ ವರ್ಷಗಳಿಗೂ ಹಿಂದಿನ ಈ ಶಾಸನವೇ ಸಾಕ್ಷಿ.

ಕಾಳಿಯಂಥ ಬೇಟೆನಾಯಿಗಳ ಕಾಲ ಹೋಗಿ, ನಮ್ಮ ಪಟ್ಟಣಗಳ ಮನೆಗಳಿಗೆ ಉದ್ದ ರೋಮದ ಪುಟ್ಟ ನಾಯಿಗಳು ಬಂದಿವೆ. ಚನ್ನಗಿರಿಯ ಅಡಿಕೆ ತೋಟದ ಮನೆಯಾಗಲಿ, ತುಂಗಭದ್ರೆಯ ದಡದ ಹೊನ್ನಾಳಿಯ ಜಗುಲಿಯಾಗಲಿ, ನ್ಯಾಮತಿಯ ಪೇಟೆಯಾಗಲಿ, ಜಗಳೂರಿನ ಬಯಲುಸೀಮೆಯ ಹಟ್ಟಿಯಾಗಲಿ, ಇಂಥ ನಾಯಿ ಈಗ ಅಪರೂಪವಲ್ಲ. ನಾವು 'ಪಮೇರಿಯನ್' ಎಂದು ಕರೆಯುವ ಬಿಳಿಯ ನಾಯಿಗಳಲ್ಲಿ ಹೆಚ್ಚಿನವು ವಾಸ್ತವವಾಗಿ ಇಂಡಿಯನ್ ಸ್ಪಿಟ್ಜ್ ತಳಿಯವು. ಲಾಸಾ ಅಪ್ಸೊ, ಶಿಟ್ಸು ತಳಿಗಳ ಮೂಲ ಟಿಬೆಟ್ಟಿನ ಶೀತಲ ಎತ್ತರದ ನಾಡು. ನಗರದಲ್ಲಿ ದುಡಿಯುವ ಮಕ್ಕಳು ಪ್ರೀತಿಯಿಂದ ಕೊಂಡು, ಬಿಡುವಿಲ್ಲದೆ ಊರಿನ ತಂದೆ-ತಾಯಿಯರ ಬಳಿ ಬಿಟ್ಟುಹೋಗುವುದುಂಟು. ವಯಸ್ಸಾದವರು ಹೊತ್ತಿಗೆ ಅನ್ನ ಹಾಕುತ್ತಾರೆ, ಪ್ರೀತಿಗೂ ಕೊರತೆಯಿಲ್ಲ. ಆದರೆ ಬಾಚುವವರಿಲ್ಲದೆ ಆರು ತಿಂಗಳು ಕಳೆಯುವಷ್ಟರಲ್ಲಿ ಆ ಮೃದು ರೋಮ ಕಂಬಳಿಯಂತೆ ಗಟ್ಟಿಯಾಗುತ್ತದೆ. ಮುಟ್ಟಲು ಹೋದರೆ ಪ್ರಾಣಿ ಮಂಚದ ಕೆಳಗೆ ಸೇರಿ ಗುರುಗುಟ್ಟುತ್ತದೆ. ಕೊನೆಗೆ "ಇದಕ್ಕೆ ಬುದ್ಧಿ ಕೆಟ್ಟಿದೆ" ಎಂದು ಹಿತ್ತಲಲ್ಲಿ ಕಟ್ಟಿಹಾಕುವುದೋ, ದೂರ ಒಯ್ದು ಬಿಟ್ಟುಬರುವುದೋ ಆಗುತ್ತದೆ. ಕೆಟ್ಟಿರುವುದು ಅದರ ಬುದ್ಧಿಯಲ್ಲ. ಅದು ನೋವನ್ನು ಅನುಭವಿಸುತ್ತಿದೆ. ಈ ವ್ಯತ್ಯಾಸವನ್ನು ಮನೆಮಂದಿ ಅರಿತರೆ ಒಂದು ಜೀವ ಉಳಿದಂತೆಯೇ ಸರಿ.

ಸಿಕ್ಕು ಬೆಳೆಯುವ ಬಗೆ

ಇಂಥ ನಾಯಿಗಳಲ್ಲಿ ಹಲವಕ್ಕೆ ಎರಡು ಪದರಗಳ ರೋಮವಿರುತ್ತದೆ. ಒಳಗಿನ ನವಿರು ರೋಮ ಉದುರಿದಾಗ ನೆಲಕ್ಕೆ ಬೀಳದೆ ಹೊರಗಿನ ಉದ್ದ ರೋಮದಲ್ಲಿ ಸಿಕ್ಕಿಕೊಳ್ಳುತ್ತದೆ. ಮೈ ಉಜ್ಜುವ ಕಡೆಗಳಲ್ಲಿ, ಅಂದರೆ ಕಿವಿಯ ಹಿಂದೆ, ಕೊರಳಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳಲ್ಲಿ, ತೊಡೆಸಂದಿನಲ್ಲಿ, ಬಾಲದ ಬುಡದಲ್ಲಿ ಮೊದಲ ಗಂಟು ಕಾಣಿಸುತ್ತದೆ. ಹೊಲಗದ್ದೆಯ ಬದುವಿನಲ್ಲಿ ಅಡ್ಡಾಡುವಾಗ ಅಂಟುವ ಉತ್ತರಾಣಿಯ ಬೀಜ, ನೆಗ್ಗಿಲು ಮುಳ್ಳುಗಳು ಆ ಗಂಟಿಗೆ ಗೂಟ ಬಡಿದಂತೆ ನಿಲ್ಲುತ್ತವೆ. ಮೇಲೆ ನೀರು ಬಿದ್ದು ಒಣಗಿದರೆ ಗಂಟು ಬಿಗಿಯುತ್ತದೆ. ಆದುದರಿಂದ ಜಡೆಗಟ್ಟಿದ ನಾಯಿಗೆ ಮೊದಲು ಸ್ನಾನ ಮಾಡಿಸುವುದು ಎಲ್ಲರೂ ಮಾಡುವ, ಎಲ್ಲಕ್ಕಿಂತ ಹಾನಿಕರವಾದ ಕೆಲಸ.

ನಾಯಿಯ ಚರ್ಮ ನಮ್ಮ ಚರ್ಮಕ್ಕಿಂತ ತೆಳುವಾದುದು. ಬಿಗಿದ ಜಡೆ ಅದನ್ನು ಹಗಲಿರುಳೂ ಎಳೆಯುತ್ತಿರುತ್ತದೆ. ಪ್ರತಿ ಹೆಜ್ಜೆಗೂ ಕಂಕುಳಿನಲ್ಲಿ ಜಗ್ಗಿದಂತಾಗುತ್ತದೆ. ಗಾಳಿಯಾಡದ ಚರ್ಮ ತೇವಗೊಂಡು ಕೆಂಪಾಗಿ ಹುಣ್ಣಾಗುತ್ತದೆ. ಉಣುಗು, ಚಿಗಟಗಳಿಗೆ ಅದೇ ಆಶ್ರಯ. ಮಳೆಗಾಲದಲ್ಲಿ ನೊಣ ಕೂತು ಮೊಟ್ಟೆಯಿಟ್ಟರೆ ಗಾಯಕ್ಕೆ ಹುಳು ಬೀಳುತ್ತದೆ. ಬಾಲದ ಕೆಳಗೆ ರೋಮ ಮಲದೊಡನೆ ಅಂಟಿಕೊಂಡರೆ ಮಲವಿಸರ್ಜನೆಗೂ ತಡೆಯುಂಟಾಗುತ್ತದೆ. ಆರೈಕೆಯಿಲ್ಲದ ಉಗುರು ಬೆಳೆದು ಬಾಗಿ ಪಾದದ ಮೆತ್ತೆಗೆ ಚುಚ್ಚುವುದೂ ಉಂಟು. ಭದ್ರಾ ನಾಲೆಯ ನೀರುಣ್ಣುವ ಚನ್ನಗಿರಿ-ಹೊನ್ನಾಳಿಯ ತೋಟ ಗದ್ದೆಗಳಲ್ಲಿ ತೇವವೇ ಶತ್ರುವಾದರೆ, ಜಗಳೂರಿನಲ್ಲಿ ಬೇಸಿಗೆಯ ಬಿಸಿಲು ಶತ್ರು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಆರೋಗ್ಯವಂತ ರೋಮದ ನಡುವೆ ಗಾಳಿ ಆಡುತ್ತದೆ. ಜಡೆಗಟ್ಟಿದ ರೋಮದ ನಡುವೆ ಆಡುವುದಿಲ್ಲ.

ಭಯದ ಭಾಷೆ

ಮಾತು ಬಾರದ ಪ್ರಾಣಿ ಕಚ್ಚುವ ಮೊದಲು ಹಲವು ಬಾರಿ ಬೇಡಿಕೊಳ್ಳುತ್ತದೆ. ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಬಾಲವನ್ನು ಹೊಟ್ಟೆಯಡಿ ಸೇರಿಸುವುದು, ನಡುಗುವುದು, ಒಮ್ಮೆಲೇ ಕಲ್ಲಿನಂತೆ ಸ್ತಬ್ಧವಾಗುವುದು — ಇವೆಲ್ಲ "ಸಾಕು, ದೂರ ಸರಿ" ಎಂಬ ವಿನಂತಿಗಳು. ಇವನ್ನು ಗಮನಿಸದಿದ್ದಾಗ ಗುರುಗುಟ್ಟುತ್ತದೆ. ಅದನ್ನೂ ಲೆಕ್ಕಿಸದಿದ್ದರೆ ಕಚ್ಚುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆಯೇ ಹೊರತು ಭಯವನ್ನಲ್ಲ. ಅಂಥ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚುವುದರಿಂದ ಮನೆಯ ಎಳೆಯ ಮಕ್ಕಳಿಗೆ ಅಪಾಯ ಹೆಚ್ಚು.

ಕಲಿತ ಭಯವನ್ನು ಕಳೆಯಬಹುದೆಂಬುದಕ್ಕೆ ವಿಜ್ಞಾನದ ಆಧಾರವಿದೆ. ನಾಯಿಗಳ ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯಾದ ಪಾವ್ಲೊವ್, ಆಹಾರದೊಡನೆ ಮತ್ತೆ ಮತ್ತೆ ಜೊತೆಯಾದ ಸಪ್ಪಳಕ್ಕೂ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದರು. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ, ಮೊಲವನ್ನು ಕಂಡರೆ ಬೆದರುತ್ತಿದ್ದ ಪೀಟರ್ ಎಂಬ ಬಾಲಕನು ಇಷ್ಟದ ತಿನಿಸು ತಿನ್ನುತ್ತಿರುವಾಗ ಮೊಲವನ್ನು ದೂರದಿಂದ ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಅವನ ಭಯ ಬಿಡಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಹೆದರಿದ ನಾಯಿಗೂ ಇದೇ ಹಾದಿ: ಭಯದ ವಸ್ತು ದೂರದಲ್ಲಿ, ಸವಿಯಾದ ತುತ್ತು ಹತ್ತಿರದಲ್ಲಿ.

ಮೊದಲು ವೈದ್ಯರ ಕಣ್ಣು

ಗಂಟು ಅಲ್ಲೊಂದು ಇಲ್ಲೊಂದು ಇದ್ದು, ಬಾಚಣಿಗೆಯ ಹಲ್ಲು ಗಂಟಿಗೂ ಚರ್ಮಕ್ಕೂ ನಡುವೆ ಸುಲಭವಾಗಿ ಜಾರುವಂತಿದ್ದರೆ ಮನೆಯಲ್ಲೇ ಪ್ರಯತ್ನಿಸಬಹುದು. ಮೈಯೆಲ್ಲ ಒಂದೇ ಹಲಗೆಯಂತಾಗಿದ್ದರೆ, ದುರ್ವಾಸನೆ, ಕೀವು, ಹುಳು ಕಂಡರೆ, ಕುಂಟುತ್ತಿದ್ದರೆ ಅಥವಾ ಮುಟ್ಟಲೂ ಬಿಡದಿದ್ದರೆ ಪಶುವೈದ್ಯರ ಬಳಿಗೇ ಹೋಗಬೇಕು. ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆ ದನಕರುಗಳಿಗೆ ಮಾತ್ರವೆಂಬ ಭಾವನೆ ಸರಿಯಲ್ಲ. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯವೂ ದೂರವಲ್ಲ.

ತೀವ್ರವಾಗಿ ಜಡೆಗಟ್ಟಿದ್ದರೆ ವೈದ್ಯರು ಮಂಪರು ಬರುವ ಔಷಧ ಕೊಟ್ಟು, ಯಂತ್ರದಿಂದ ರೋಮವನ್ನು ಚರ್ಮದ ಸಮೀಪದವರೆಗೆ ತೆಗೆಸುತ್ತಾರೆ. "ಅಂದವೆಲ್ಲ ಹಾಳಾಯಿತು" ಎಂದು ಮನೆಯವರು ಮರುಗುವುದು ಸಹಜ. ಆದರೆ ಗಂಟೆಗಟ್ಟಲೆ ಗಂಟು ಜಗ್ಗಿ ರೋಮ ಉಳಿಸುವ ಹಟ ಪ್ರಾಣಿಗೆ ಚಿತ್ರಹಿಂಸೆ. ರೋಮ ಕೆಲವು ತಿಂಗಳುಗಳಲ್ಲಿ ಬೆಳೆಯುತ್ತದೆ; ಎರಡು ಪದರಗಳ ತಳಿಗಳಲ್ಲಿ ಕೆಲವೊಮ್ಮೆ ಏರುಪೇರಾಗಿ ಬೆಳೆಯುವುದೂ ಉಂಟು. ಒಡೆದ ನಂಬಿಕೆ ಮರಳಿ ಚಿಗುರಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಕೈಗೆ ಒಗ್ಗಿಸುವ ದಿನಗಳು

ನೋವು, ಗಾಯಗಳಿಲ್ಲವೆಂದು ಖಚಿತವಾದ ಮೇಲೆ ಮನೆಯ ಕೆಲಸ ಆರಂಭ. ಶಾಂತ ಸ್ವಭಾವದ ಒಬ್ಬರೇ ಇದಕ್ಕೆ ನಿಲ್ಲಲಿ. ಅಜ್ಜಿಯಾದರೂ ಸರಿ, ಕಾಲೇಜಿಗೆ ಹೋಗುವ ಮಗಳಾದರೂ ಸರಿ. ಚಿಕ್ಕ ಮಕ್ಕಳು ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಲಿ. ಜಾರದಂತೆ ಚಾಪೆಯೋ ಗೋಣಿತಾಟೋ ಹಾಸಿ, ನೆಲದ ಮೇಲೆ ಓರೆಯಾಗಿ ಕುಳಿತು, ನಾಯಿಯನ್ನು ದಿಟ್ಟಿಸದೆ ಒಂದು ತುತ್ತನ್ನು ಪಕ್ಕದಲ್ಲಿಡಬೇಕು. ಶಾಕಾಹಾರಿ ಮನೆಗಳಿಗೆ ಇದು ಸಮಸ್ಯೆಯಲ್ಲ: ಪನ್ನೀರಿನ ಸಣ್ಣ ಚೂರು, ಬೇಯಿಸಿದ ಗಜ್ಜರಿ, ಚಪಾತಿಯ ತುಣುಕು ಸಾಕು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ನಾಯಿಗೆ ವಿಷವೆಂಬುದು ಅಡುಗೆಮನೆಯ ತಾಯಂದಿರ ಗಮನದಲ್ಲಿರಲಿ.

ಮೊದಲ ಕೆಲವು ದಿನ ತುತ್ತು ಕೊಡುವುದಷ್ಟೇ ಕೆಲಸ. ನಾಯಿ ತಾನೇ ಹತ್ತಿರ ಬಂದು ತಿನ್ನತೊಡಗಿದಾಗ ಎದೆ ಅಥವಾ ಭುಜದ ಪಕ್ಕವನ್ನು ಒಂದು ಕ್ಷಣ ಸ್ಪರ್ಶಿಸಿ ತುತ್ತು ಕೊಡಬೇಕು. ತಲೆಯ ಮೇಲಿನಿಂದ ಕೈ ತರಬಾರದು. ಬಳಿಕ ಬಾಚಣಿಗೆಯನ್ನು ನೆಲದ ಮೇಲಿಟ್ಟು ತುತ್ತು. ಬಾಚಣಿಗೆಯ ಬೆನ್ನಿನಿಂದ ಮೈ ಸವರಿ ತುತ್ತು. ಕೊನೆಗೆ ಗಂಟಿಲ್ಲದ ಕಡೆ ಒಂದು ಎಳೆತ, ತುತ್ತು. ಯಂತ್ರ ಬಳಸುವುದಿದ್ದರೆ ಅದರ ಸದ್ದನ್ನು ಮೊದಲು ಪಕ್ಕದ ಕೋಣೆಯಿಂದ ಕೇಳಿಸಬೇಕು. ಸ್ಪರ್ಶ ಮೊದಲು, ತಿನಿಸು ನಂತರ ಎಂಬ ಅನುಕ್ರಮ ತಪ್ಪಬಾರದು. ಒಮ್ಮೆಗೆ ಐದು ನಿಮಿಷ ಮೀರಬಾರದು. ತಿನಿಸನ್ನು ನಿರಾಕರಿಸಿದರೆ ಭಯ ಮಿತಿ ಮೀರಿದೆಯೆಂದು ತಿಳಿದು ಹಿಂದಿನ ಹಂತಕ್ಕೆ ಮರಳಬೇಕು. ವಾರವೋ ತಿಂಗಳೋ ಹಿಡಿಯಬಹುದು.

ಗಂಟು ಬಿಡಿಸುವ ಕ್ರಮ

ಸಣ್ಣ ಗಂಟಿಗೆ ಸ್ವಲ್ಪ ಕಾರ್ನ್ ಫ್ಲೋರ್ ಉದುರಿಸಿ ಅಥವಾ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಬೆರಳುಗಳಿಂದಲೇ ಹೊರತುದಿಯಿಂದ ಎಳೆ ಎಳೆಯಾಗಿ ಬಿಡಿಸಬೇಕು. ಇನ್ನೊಂದು ಕೈಯಿಂದ ಗಂಟಿನ ಬುಡವನ್ನು ಚರ್ಮದ ಸಮೀಪ ಹಿಡಿದುಕೊಂಡರೆ ಎಳೆತ ಚರ್ಮಕ್ಕೆ ತಾಗುವುದಿಲ್ಲ. ಹೆಣ್ಣುಮಕ್ಕಳ ಜಡೆಯ ಸಿಕ್ಕು ಬಿಡಿಸಿದ ಯಾವ ತಾಯಿಗೂ ಈ ಕೈಚಳಕ ಹೊಸದಲ್ಲ: ತುದಿ ಮೊದಲು, ಬುಡ ಕೊನೆಗೆ. ಬೆರಳಿಗೆ ಸಡಿಲವಾದ ಮೇಲೆ ಅಗಲ ಹಲ್ಲಿನ ಬಾಚಣಿಗೆ. ದಿನಕ್ಕೊಂದು ಗಂಟು ಬಿಟ್ಟರೂ ಸಾಕು.

ಕತ್ತರಿಯನ್ನು ಬಳಸಲೇಬಾರದು. ಗಂಟಿನೊಡನೆ ಚರ್ಮವೂ ಮೇಲೆದ್ದು ಬರುವುದರಿಂದ, ರೋಮವೆಂದು ಕತ್ತರಿಸಿದ್ದು ಚರ್ಮವಾಗಿ ಹೊಲಿಗೆ ಹಾಕಿಸಬೇಕಾಗುತ್ತದೆ. ಯಂತ್ರ ಬಳಸುವವರು ಅಲಗು ಬಿಸಿಯಾಗುವುದನ್ನು ತಮ್ಮ ಮುಂಗೈಗೆ ತಾಗಿಸಿ ಆಗಾಗ ಪರೀಕ್ಷಿಸಬೇಕು. ಕಂಕುಳು, ತೊಡೆಸಂದು, ಕಿವಿಯ ಅಂಚುಗಳಲ್ಲಿ ಚರ್ಮ ಬಹಳ ತೆಳು. ಆ ಕೆಲಸವನ್ನು ಅನುಭವಿಗಳಿಗೇ ಬಿಡುವುದು ಕ್ಷೇಮ.

ಭಾರವಾದ ಜಡೆ ತೆಗೆದ ಮೇಲೆ ನಾಯಿ ಕಿವಿಗಳನ್ನು ರಭಸದಿಂದ ಕೊಡವುತ್ತದೆ. ಅದರಿಂದ ಕಿವಿಯಲ್ಲಿ ರಕ್ತ ತುಂಬಿ ಊದಿಕೊಳ್ಳಬಹುದು. ಊತ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಬೋಳಾದ ಮೈಯನ್ನು ಕೆಲವು ವಾರ ನಡುಹಗಲಿನ ಬಿಸಿಲಿನಿಂದಲೂ ಮಳೆಗಾಲದ ಚಳಿಯಿಂದಲೂ ಕಾಪಾಡಬೇಕು; ಹಳೆಯ ಹತ್ತಿ ಬಟ್ಟೆಯ ಹಾಸಿಗೆ ಸಾಕು. ಗಂಟೆಲ್ಲ ಹೋದ ಮೇಲಷ್ಟೇ ಸ್ನಾನ: ಉಗುರುಬೆಚ್ಚಗಿನ ನೀರು, ನಾಯಿಗೆಂದೇ ಇರುವ ಶಾಂಪೂ, ಬುಡದವರೆಗೆ ಒಣಗಿಸುವ ಒಣ ಬಟ್ಟೆ. ಸೀಗೆಪುಡಿ ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಬೇಡ.

ಮಾಡಬಾರದವು

ಉಣುಗು ಹೋಗಲೆಂದು ಹೊಲ ತೋಟಗಳಿಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಹಚ್ಚುವುದು ಅತ್ಯಂತ ಅಪಾಯಕರ. ಚರ್ಮದ ಮೂಲಕವೂ, ನೆಕ್ಕಿದಾಗ ಬಾಯಿಯ ಮೂಲಕವೂ ವಿಷ ಒಳಸೇರಿ, ಜೊಲ್ಲು ಸುರಿದು ನಡುಕ ಹುಟ್ಟಿ ಪ್ರಾಣ ಹೋಗಬಹುದು. ಸೀಮೆಎಣ್ಣೆಯೂ ಚರ್ಮವನ್ನು ಸುಡುತ್ತದೆ. ನೋವಿಗೆಂದು ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳನ್ನು ಕೊಡಬಾರದು. ನಾಲ್ವರು ಸೇರಿ ಅದುಮಿ ಹಿಡಿದು "ಇವತ್ತೇ ಮುಗಿಸಿಬಿಡೋಣ" ಎನ್ನುವುದು ಪುಟ್ಟ ಪ್ರಾಣಿಯ ಉಸಿರಿಗೇ ಕಂಟಕ; ಇಷ್ಟು ದಿನ ಗಳಿಸಿದ ನಂಬಿಕೆಯೂ ಅಂದೇ ಮುಗಿಯುತ್ತದೆ.

ಇಷ್ಟಾದರೂ ಕಚ್ಚಿದರೆ ಅಥವಾ ಹಲ್ಲು ತರಚಿದರೆ ಉಪೇಕ್ಷೆ ಸಲ್ಲದು. ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದಷ್ಟೂ ಚುಚ್ಚುಮದ್ದು ಪಡೆಯಬೇಕು. ಸುಣ್ಣ, ಮೆಣಸಿನಪುಡಿ, ಅರಿಶಿನ ಹಚ್ಚಬಾರದು. ಹುಚ್ಚುನಾಯಿ ರೋಗದ ಲಕ್ಷಣಗಳು ಕಾಣಿಸಿದ ಮೇಲೆ ಬದುಕುವುದು ಅಸಾಧ್ಯವೆನ್ನುವಷ್ಟು ವಿರಳ. ಮೊದಲೇ ಲಸಿಕೆ ಪಡೆದರೆ ತಡೆಯಬಹುದು. ಮನೆಯೊಳಗಿನ ನಾಯಿಗೂ ವೈದ್ಯರು ಸೂಚಿಸಿದ ಅವಧಿಗೆ ರೇಬೀಸ್ ಲಸಿಕೆ ತಪ್ಪಿಸಬಾರದು.

ಹೊಣೆ ಯಾರದು?

ಪ್ರಾಣಿಗಳನ್ನು ಹಿಂಸಿಸುವುದಷ್ಟೇ ಅಲ್ಲ, ಸಾಕಿದ ಪ್ರಾಣಿಯನ್ನು ನೋವಿಗೆ ಈಡಾಗುವಂತೆ ತೊರೆದುಬಿಡುವುದೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿಯು ಜೀವಿಗಳಲ್ಲಿ ಕರುಣೆಯನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಎಣಿಸಿದೆ. ದಯೆಯನ್ನೇ ಧರ್ಮದ ಬೇರೆಂದು ತಿಳಿದ ಮನೆಗಳಿಗೆ ಇದನ್ನು ಕಾನೂನು ಬಂದು ಕಲಿಸಬೇಕಾಗಿಲ್ಲ. ಆದರೆ ದಯೆ ಮನಸ್ಸಿನಲ್ಲಿ ಉಳಿದರೆ ಸಾಲದು, ಬೆರಳ ತುದಿಗೆ ಇಳಿಯಬೇಕು.

ಮರಿಯನ್ನು ಕೊಳ್ಳುವ ಮೊದಲು ಮನೆಮಂದಿ ಕೂಡಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮುಂದಿನ ಹತ್ತು ಹದಿನೈದು ವರ್ಷ ಇದನ್ನು ಬಾಚುವವರು ಯಾರು? ಉತ್ತರವಿಲ್ಲದಿದ್ದರೆ ಗಿಡ್ಡ ರೋಮದ ನಮ್ಮ ಊರ ನಾಯಿಯೇ ನಮ್ಮ ಹವೆಗೆ ಸೂಕ್ತ. ಈಗಾಗಲೇ ಸಾಕಿರುವವರು ಊರಿನ ಹಿರಿಯರ ಮೇಲೆ ಭಾರ ಹಾಕದೆ ರೋಮವನ್ನು ಎರಡು ಮೂರು ತಿಂಗಳಿಗೊಮ್ಮೆ ಗಿಡ್ಡವಾಗಿ ಕತ್ತರಿಸುವ ಏರ್ಪಾಡು ಮಾಡಲಿ. ಸಂಜೆ ದೀಪ ಹಚ್ಚಿದ ಮೇಲೆ ಐದು ನಿಮಿಷ ಕಿವಿಯ ಹಿಂದೆ, ಕಂಕುಳಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ನೋಡುವ ರೂಢಿಯಿದ್ದರೆ ಗಂಟು ಕಡಲೆಕಾಳಿನಷ್ಟಿದ್ದಾಗಲೇ ಸಿಗುತ್ತದೆ. ಅಷ್ಟಿದ್ದಾಗ ಅದನ್ನು ಬಿಡಿಸಲು ವೈದ್ಯರೂ ಬೇಡ, ಯಂತ್ರವೂ ಬೇಡ. ತಾಳ್ಮೆಯ ಎರಡು ಬೆರಳು ಸಾಕು.