ತಿರುಗುವ ಎಂಜಿನು ಚಾಲೂ ಆಗದಿದ್ದರೆ

ಮುಂಬಯಿಯ ಹೋಟೆಲು ವ್ಯವಸಾಯದಲ್ಲಿ ಕೈಗಾಡಿಯ ಕಾಲ ಮುಗಿದು ಬಹುದಿನಗಳಾದುವು. ವಾಶಿಯ ಸಗಟು ಮಾರುಕಟ್ಟೆಯಿಂದ ತರಕಾರಿ ತರುವುದಕ್ಕೂ, ಆಫೀಸುಗಳಿಗೆ ಊಟದ ಡಬ್ಬಿಗಳನ್ನು ಮುಟ್ಟಿಸುವುದಕ್ಕೂ ಇಂದು ಪೆಟ್ರೋಲು ಇಲ್ಲವೆ ಸಿ.ಎನ್.ಜಿ. ಅನಿಲದಿಂದ ಓಡುವ ಸಣ್ಣ ವ್ಯಾನುಗಳೇ ಗತಿ. 1984ರಿಂದ 2019ರವರೆಗೆ ತಯಾರಾದ ಮಾರುತಿ ಓಮ್ನಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಬಂಡಿಯಾಗಿತ್ತು. ಈಗ ಆ ಭಾರವನ್ನು ಹೆಚ್ಚಾಗಿ ಈಕೊ ಹೊತ್ತಿದೆ. ಬೆಳಗಿನ ನಾಲ್ಕು ಗಂಟೆಗೆ ಇಂಥ ವಾಹನವು ಮುಷ್ಕರ ಹೂಡಿತೆಂದರೆ ಅಡಿಗೆಮನೆಯಲ್ಲಿ ಭಟ್ಟರು ಕೈಕಟ್ಟಿ ಕೂಡಬೇಕು, ಚಾಲಕನು ಧಣಿಗಳ ಮಾತು ಕೇಳಬೇಕು. ಕಂತಿನ ಸಾಲ ಮಾಡಿ ಹಳೆಯ ಕಾರು ಕೊಂಡ ಗುಮಾಸ್ತನಿಗಾದರೋ ತಿಂಗಳ ಸಂಬಳದ ಲೆಕ್ಕವೇ ತಪ್ಪುತ್ತದೆ. ನಮ್ಮ ವಾಚಕರನ್ನು ಮೆಕ್ಯಾನಿಕ್ಕರನ್ನಾಗಿ ಮಾಡುವ ಉದ್ದೇಶ ನಮಗಿಲ್ಲ. ಯಾವುದಕ್ಕೆ ಹಣ ತೆರುತ್ತಿದ್ದೇವೆಂಬುದು ತಿಳಿದಿರಲಿ ಎಂಬುದಷ್ಟೇ ನಮ್ಮ ಆಶಯ.

ಮೊದಲು ಎರಡು ದೂರುಗಳನ್ನು ಬೇರ್ಪಡಿಸಿಕೊಳ್ಳತಕ್ಕದ್ದು. ಕೀಲಿಕೈ ತಿರುವಿದಾಗ ‘ಟಕ್’ ಎಂಬ ಒಂದೇ ಸದ್ದು ಬಂದರೆ, ಅಥವಾ ಯಾವ ಸದ್ದೂ ಬಾರದಿದ್ದರೆ, ಬ್ಯಾಟರಿ, ಅದರ ತಂತಿಗಳು ಇಲ್ಲವೆ ಸ್ಟಾರ್ಟರು ಮೋಟಾರನ್ನು ಶಂಕಿಸುವುದು ಯುಕ್ತ. ಎಂಜಿನು ‘ಗರ್, ಗರ್’ ಎಂದು ಎಂದಿನ ವೇಗದಲ್ಲಿ ತಿರುಗುತ್ತಿದ್ದೂ ಚಾಲೂ ಆಗದಿದ್ದರೆ ಅದು ಬೇರೆಯೇ ರೋಗ. ಇಲ್ಲಿ ಬ್ಯಾಟರಿಯೂ ಸ್ಟಾರ್ಟರೂ ತಮ್ಮ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿಯೇ ಇವೆ. ಆದರೂ ಸುತ್ತ ನೆರೆದವರ ಮೊದಲ ಸಲಹೆ ‘ಬ್ಯಾಟರಿ ಬದಲಿಸಿ’ ಎಂಬುದು! ಕೆಲವು ಗ್ಯಾರೇಜಿನವರೂ ಈ ಸಲಹೆಯನ್ನು ಬಹಳ ಉತ್ಸಾಹದಿಂದ ಅನುಮೋದಿಸುತ್ತಾರೆ. ತಿರುಗುವಿಕೆ ಕುಂಟುತ್ತ, ಸೊರಗಿದಂತೆ ಇದ್ದರೆ ಮಾತ್ರ ಆ ಸಲಹೆಗೆ ಅರ್ಥವುಂಟು. ಬ್ಯಾಟರಿಯ ಒತ್ತಡ ತೀರ ಇಳಿದಾಗ ಇಂದಿನ ಕಾರಿನ ಗಣಕಯಂತ್ರವು ಕಿಡಿಯನ್ನೂ ಪೆಟ್ರೋಲನ್ನೂ ಸರಿಯಾಗಿ ಕೊಡಲಾರದು. ನೆರೆಯ ಕಾರಿನಿಂದ ತಂತಿ ಜೋಡಿಸಿ ನೋಡಿದರೆ ಈ ಸಂಶಯ ಖರ್ಚಿಲ್ಲದೆ ಪರಿಹಾರವಾಗುತ್ತದೆ.

1912ರಲ್ಲಿ ಚಾರ್ಲ್ಸ್ ಕೆಟರಿಂಗರ ವಿದ್ಯುತ್ ಸ್ಟಾರ್ಟರು ಕ್ಯಾಡಿಲಾಕ್ ಕಾರಿನಲ್ಲಿ ಬರುವ ಮುನ್ನ ಸಾಮಾನ್ಯವಾಗಿ ಕಾರಿನ ಮೂತಿಗೆ ಕಬ್ಬಿಣದ ಹಿಡಿ ತೂರಿಸಿ ಕೈಯಿಂದಲೇ ತಿರುಗಿಸಬೇಕಾಗಿತ್ತು. ಆ ಹಿಡಿ ಮಾಡುತ್ತಿದ್ದುದನ್ನೇ ಸ್ಟಾರ್ಟರು ಮಾಡುತ್ತದೆ, ಹೆಚ್ಚಿನದೇನನ್ನೂ ಅಲ್ಲ. ಹೊತ್ತಿಕೊಳ್ಳುವುದಕ್ಕೆ ಬೇಕಾದುವು ಬೇರೆ. ನಮ್ಮ ಒಲೆಯನ್ನೇ ನೆನೆಯಿರಿ: ಲೈಟರು ಎಷ್ಟು ಕಿಡಿ ಕಾರಿದರೂ ಸಿಲಿಂಡರು ಬರಿದಾಗಿದ್ದರೆ ಉರಿಯದು, ಸಿಲಿಂಡರು ತುಂಬಿದ್ದರೂ ಲೈಟರು ಕೆಟ್ಟಿದ್ದರೆ ಉರಿಯದು. ಎಂಜಿನಿಗೂ ಇಂಧನ, ಗಾಳಿ, ಕಿಡಿ ಈ ಮೂರೂ ಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೆರೆತು, ಆ ಮಿಶ್ರಣವು ಪಿಸ್ಟನ್ನಿನಿಂದ ಒತ್ತಲ್ಪಟ್ಟು, ತಕ್ಕ ಕ್ಷಣದಲ್ಲಿ ಕಿಡಿ ಹಾರಬೇಕು. ಇವುಗಳಲ್ಲಿ ಯಾವುದು ಗೈರುಹಾಜರಾಗಿದೆಯೆಂದು ಕಂಡುಹಿಡಿಯುವುದೇ ಇಲ್ಲಿರುವ ವಿದ್ಯೆ.

ಬಾನೆಟ್ಟು ಎತ್ತುವ ಮೊದಲು ಕಣ್ಣೆದುರಿನ ಫಲಕವನ್ನು ನೋಡಿರಿ. ಪೆಟ್ರೋಲಿನ ಮುಳ್ಳು ಸುಳ್ಳು ಹೇಳುವುದುಂಟು. ಸಂಶಯವಿದ್ದರೆ ಎರಡು ಲೀಟರು ಹಾಕಿ ನೋಡುವುದು ಅತ್ಯಂತ ಅಗ್ಗದ ಚಿಕಿತ್ಸೆ. ಬೀಗದ ಅಥವಾ ಕೀಲಿಯ ಗುರುತಿನ ಸಣ್ಣ ದೀಪವು ಬಿಡದೆ ಮಿಣುಕುತ್ತಿದ್ದರೆ, ಕೀಲಿಕೈಯೊಳಗಿನ ಗುಪ್ತ ಸಂಕೇತವನ್ನು ಕಾರು ಒಪ್ಪುತ್ತಿಲ್ಲವೆಂದು ತಿಳಿಯಬಹುದು. ಅಂಥ ಕಾರು ಎಂಜಿನನ್ನು ತಿರುಗಲು ಬಿಟ್ಟೂ ಹೊತ್ತಲು ಬಿಡದಿರಬಹುದು. ಮನೆಯಲ್ಲಿರುವ ಎರಡನೆಯ ಕೀಲಿಕೈ ತಂದು ಪ್ರಯತ್ನಿಸಿರಿ.

ಸಿ.ಎನ್.ಜಿ. ವಾಹನದವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಂಥ ಹಲವು ವಾಹನಗಳು ಪೆಟ್ರೋಲಿನಿಂದಲೇ ಚಾಲೂ ಆಗಿ ಬಳಿಕ ಅನಿಲಕ್ಕೆ ಹೊರಳುತ್ತವೆ. ಅನಿಲ ಅಗ್ಗವೆಂದು ಪೆಟ್ರೋಲು ಟ್ಯಾಂಕನ್ನು ಸದಾ ಒಣಗಿಸಿಡುವ ಪದ್ಧತಿ ನಮ್ಮಲ್ಲಿ ಬಹಳ. ಟ್ಯಾಂಕಿನೊಳಗಿನ ಪಂಪು ತಂಪಾಗಿರುವುದು ಅದೇ ಪೆಟ್ರೋಲಿನಿಂದ. ಒಣಗಿದ ಟ್ಯಾಂಕಿನಲ್ಲಿ ಅದು ಕ್ರಮೇಣ ಸುಟ್ಟುಹೋಗುತ್ತದೆ. ತರುವಾಯ ಸಿಲಿಂಡರು ತುಂಬ ಅನಿಲವಿದ್ದರೂ ಬೆಳಿಗ್ಗೆ ಬಂಡಿ ಏಳುವುದಿಲ್ಲ. ನಾಲ್ಕೈದು ಲೀಟರು ಪೆಟ್ರೋಲು ಉಳಿಸುವ ಜಿಪುಣತನವು ಪಂಪಿನ ಬೆಲೆಗೆ ಬರುತ್ತದೆ.

ಪಂಪಿನ ಪರೀಕ್ಷೆಗೆ ಉಪಕರಣ ಬೇಡ, ಕಿವಿ ಸಾಕು. ಒಬ್ಬರು ಹಿಂದೆ ಪೆಟ್ರೋಲು ಬಾಯಿಯ ಬಳಿ ನಿಲ್ಲಲಿ. ಇನ್ನೊಬ್ಬರು ಕೀಲಿಕೈಯನ್ನು ‘ಆನ್’ ಸ್ಥಾನಕ್ಕೆ ಮಾತ್ರ ತಿರುವಲಿ. ಇಂಜೆಕ್ಷನ್ ಪದ್ಧತಿಯ ಬಹುತೇಕ ಕಾರುಗಳಲ್ಲಿ ಎರಡು ಸೆಕೆಂಡುಗಳಷ್ಟು ಕಾಲ ಜೇನುಹುಳದಂಥ ಗುಂಯ್‌ಗುಟ್ಟುವಿಕೆ ಕೇಳಿಬರುತ್ತದೆ. ಸದ್ದಿಲ್ಲದಿದ್ದರೆ ಮೊದಲು ಫ್ಯೂಜು, ಬಳಿಕ ರಿಲೇ, ಆಮೇಲೆ ತಂತಿ, ಕಟ್ಟಕಡೆಗೆ ಪಂಪು: ಈ ಕ್ರಮದಲ್ಲಿ ನೋಡತಕ್ಕದ್ದು. ಗ್ಯಾರೇಜಿನಲ್ಲಿ ಈ ಕ್ರಮ ತಲೆಕೆಳಗಾಗುವುದನ್ನು ನಾವು ಕಂಡಿದ್ದೇವೆ. ಸದ್ದು ಬಂದಮಾತ್ರಕ್ಕೆ ಪೆಟ್ರೋಲು ತಕ್ಕ ಒತ್ತಡದಲ್ಲಿ ಬರುತ್ತಿದೆಯೆಂದು ಖಾತ್ರಿಯಿಲ್ಲ. ಅದನ್ನು ಒತ್ತಡಮಾಪಕದಿಂದಲೇ ಅಳೆಯಬೇಕು. ಪೆಟ್ರೋಲು ಕೊಳವೆಯನ್ನು ನೀವೇ ಬಿಚ್ಚಬೇಡಿ. ಹತ್ತಿರ ಬೀಡಿ ಸೇದುತ್ತ ನಿಂತವರನ್ನು ಮುಲಾಜಿಲ್ಲದೆ ದೂರ ಕಳುಹಿಸಿರಿ.

ನಾಲ್ಕಾರು ಸಲ ತಿರುಗಿಸಿದ ಮೇಲೆ ಹೊಗೆಕೊಳವೆಯಲ್ಲಿ ಪೆಟ್ರೋಲಿನ ಘಾಟು ಬಂದರೆ ಇಂಧನ ಬರುತ್ತಿದೆ, ಕಿಡಿಯಿಲ್ಲ; ಇಲ್ಲವೆ ಎಂಜಿನು ಪೆಟ್ರೋಲಿನಲ್ಲಿ ತೊಯ್ದುಹೋಗಿದೆ. ಎರಡನೆಯದಕ್ಕೆ ಸುಲಭ ಉಪಾಯವುಂಟು. ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವಂತೆ ತುಳಿದು ತಿರುಗಿಸಿದರೆ ಅನೇಕ ಇಂಜೆಕ್ಷನ್ ಕಾರುಗಳಲ್ಲಿ ಪೆಟ್ರೋಲು ನಿಂತು ಗಾಳಿ ಮಾತ್ರ ಒಳಸೇರಿ ಎಂಜಿನು ಒಣಗುತ್ತದೆ. ಹಿಂದಿನ ಪದ್ಮಿನಿ ಟ್ಯಾಕ್ಸಿಯವರು ಮಳೆಗಾಲದ ಬೆಳಗಿನಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸುತ್ತಿದ್ದರು; ಅರ್ಧ ರೋಗ ಅಲ್ಲಿಗೆ ವಾಸಿ. 2023ರ ಅಕ್ಟೋಬರದಲ್ಲಿ ಆ ಟ್ಯಾಕ್ಸಿಗಳು ಈ ನಗರದ ಬೀದಿಗಳಿಂದ ಮರೆಯಾದುವು, ಅವರ ಕೈಚಳಕವೂ ಅವುಗಳೊಡನೆ ಹೋಯಿತು. ಇಂದಿನ ಎಂಜಿನುಗಳಲ್ಲಿ ಹೆಚ್ಚಾಗಿ ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲು. ಅಲ್ಲಿಯ ಒತ್ತಡ ಹತ್ತಾರು ಸಾವಿರ ವೋಲ್ಟು. ಹಳಬರಂತೆ ಕೈಯಲ್ಲಿ ಹಿಡಿದು ಕಿಡಿ ನೋಡುವ ಸಾಹಸ ಸಲ್ಲದು.

ಕಿಡಿಯೂ ಇಲ್ಲ, ಪೆಟ್ರೋಲೂ ಚಿಮ್ಮುತ್ತಿಲ್ಲವೆಂದರೆ ಎರಡೂ ಒಟ್ಟಿಗೆ ಕೆಟ್ಟಿರುವ ಸಂಭವ ಕಡಿಮೆ. ಎರಡಕ್ಕೂ ಆಜ್ಞೆ ಕೊಡುವವನು ಮೌನವಾಗಿದ್ದಾನೆ. ಕ್ರ್ಯಾಂಕಿನ ಸುತ್ತನ್ನು ಎಣಿಸಿ ಗಣಕಯಂತ್ರಕ್ಕೆ ತಿಳಿಸುವ ಸೆನ್ಸರು ಕೆಟ್ಟಾಗ ಹೀಗಾಗುತ್ತದೆ. ಬಿಸಿಯಾದಾಗ ನಿಂತು, ತಣಿದ ಮೇಲೆ ಏನೂ ಆಗದಂತೆ ಹೊರಡುವ ಕಾರಿನಲ್ಲಿ ಈ ಸಣ್ಣ ಸಾಮಾನಿನ ಮೇಲೆ ಮೊದಲ ಗುಮಾನಿ ಇಡಬೇಕು.

ತಿರುಗುವ ಸದ್ದೇ ಬದಲಾಗಿದ್ದರೆ, ಎಂದಿನ ತಾಳ ತಪ್ಪಿ ಹಗುರವಾಗಿ, ವೇಗವಾಗಿ, ತಡೆಯಿಲ್ಲದೆ ಸುತ್ತುತ್ತಿದ್ದರೆ, ತಕ್ಷಣ ಕೈ ತೆಗೆಯಿರಿ. ಟೈಮಿಂಗ್ ಬೆಲ್ಟು ಹರಿದಿರಬಹುದು. ಕೆಲವು ಎಂಜಿನುಗಳಲ್ಲಿ ಮತ್ತೆ ತಿರುಗಿಸಿದಷ್ಟೂ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ನಷ್ಟ ಬೆಳೆಯುತ್ತದೆ.

ಯಾವ ಕಾರಣವೇ ಇರಲಿ, ಒಂದೇ ಸಮನೆ ತಿರುಗಿಸುತ್ತ ಕೂಡಬಾರದು. ಹತ್ತು ಸೆಕೆಂಡು ಮೀರದೆ ತಿರುಗಿಸಿ, ಅರ್ಧ ನಿಮಿಷಕ್ಕೆ ಕಡಿಮೆಯಿಲ್ಲದಂತೆ ವಿಶ್ರಾಂತಿ ಕೊಡಿರಿ. ಸ್ಟಾರ್ಟರು ನೂರು ಆಂಪಿಯರಿಗೂ ಮಿಕ್ಕು ಸೆಳೆಯುವ ಯಂತ್ರ. ಹಟದಿಂದ ತಿರುಗಿಸಿದವನು ಒಂದು ರೋಗಕ್ಕೆ ಬ್ಯಾಟರಿ, ಸ್ಟಾರ್ಟರು ಎಂಬ ಇನ್ನೆರಡನ್ನು ಸೇರಿಸಿಕೊಳ್ಳುತ್ತಾನೆ.

ಗ್ಯಾರೇಜಿಗೆ ಹೋದಾಗ ‘ಸ್ಟಾರ್ಟ್ ಆಗುತ್ತಿಲ್ಲ’ ಎಂದಷ್ಟೇ ಹೇಳದೆ, ತಿರುಗುತ್ತದೆಯೆ, ಪಂಪಿನ ಸದ್ದಿದೆಯೆ, ಘಾಟು ಬಂದಿತೆ, ಬಿಸಿಯಲ್ಲೋ ತಣ್ಣಗಿದ್ದಾಗಲೋ ಎಂಬುದನ್ನು ವಿವರಿಸಿರಿ. ಈಚಿನ ಕಾರುಗಳು ದೋಷದ ಸಂಕೇತಾಂಕವನ್ನು ತಮ್ಮಲ್ಲಿ ಬರೆದಿಟ್ಟುಕೊಳ್ಳುತ್ತವೆ. ಸಾಮಾನು ಬದಲಿಸುವ ಮುನ್ನ ಅದನ್ನು ಓದಿಸಿ, ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ. ತೆಗೆದ ಹಳೆಯ ಸಾಮಾನನ್ನು ಹಿಂದಕ್ಕೆ ಕೇಳುವುದರಲ್ಲಿ ಸಂಕೋಚವೇಕೆ?

ಇನ್ನು ನೆರೆನೀರಿನ ವಿಚಾರ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದುದನ್ನು ಮುಂಬಯಿಯ ಕನ್ನಡಿಗರು ಮರೆತಿಲ್ಲ. ನೀರಿನಲ್ಲಿ ಮುಳುಗಿ ನಿಂತ ಕಾರಿಗೆ ಮೇಲಿನ ಯಾವ ಪರೀಕ್ಷೆಯೂ ಅನ್ವಯಿಸದು, ಕೀಲಿಕೈಯನ್ನೇ ಮುಟ್ಟಬಾರದು. ಗಾಳಿಯನ್ನು ಪಿಸ್ಟನ್ನು ಒತ್ತಬಲ್ಲುದು, ನೀರನ್ನು ಒತ್ತಲಾರದು. ಸಿಲಿಂಡರಿನಲ್ಲಿ ನೀರಿರುವಾಗ ತಿರುಗಿಸಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಬ್ಯಾಟರಿಯ ತಂತಿ ಕಳಚಿ ಬಂಡಿಯನ್ನು ಎಳೆಸಿಕೊಂಡು ಹೋಗಿ, ಪ್ಲಗ್ಗುಗಳನ್ನು ಬಿಚ್ಚಿಸಿ, ಕೈಯಿಂದ ನಿಧಾನವಾಗಿ ತಿರುಗಿಸಿ ನೀರು ಹೊರಡಿಸಬೇಕು. ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಚೆಲ್ಲಿ ಹೊಸದನ್ನು ತುಂಬಿದ ನಂತರವೇ ಕೀಲಿಕೈ ಹಾಕತಕ್ಕದ್ದು.