ಸೀಸದ ಬ್ಯಾಟರಿ: ಇಡುವ ಕ್ರಮ, ಮುಟ್ಟುವ ಕ್ರಮ



ನಮ್ಮ ಬನ್ನೂರಿನ ಬಳಿ ಹಾದುಹೋಗುವ ಕಾವೇರಿ ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡನ್ನು ಬಳಸಿಕೊಂಡು, ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಆ ನೀರಿನ ರಭಸದಿಂದ ವಿದ್ಯುತ್ತನ್ನು ಹುಟ್ಟಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಕಳಿಸಿದರು. ಆದರೆ ತಂತಿಯಲ್ಲಿ ಬರುವ ಕರೆಂಟಿಗೆ ಒಂದು ಕೊರತೆ ಉಂಟು. ಬಂದಾಗ ಬಂತು, ಹೋದಾಗ ಹೋಯಿತು. ಹರಿಯುವ ನೀರನ್ನು ಕೆರೆ ಕಟ್ಟಿ ನಿಲ್ಲಿಸಿಕೊಳ್ಳುವ ಹಾಗೆ ಕರೆಂಟನ್ನು ಕೂಡಿಟ್ಟುಕೊಳ್ಳುವುದಕ್ಕೆ ಬೇಕಾದ ಪದಾರ್ಥವೇ ಬ್ಯಾಟರಿ.

ಈಗ ಬ್ಯಾಟರಿ ಇಲ್ಲದ ಊರಿಲ್ಲ. ಟ್ರಾಕ್ಟರಿನಲ್ಲಿ ಒಂದು, ಮನೆಯ ಇನ್ವರ್ಟರಿಗೆ ಒಂದು, ಅಕ್ಕಿ ಗಿರಣಿಯ ಜನರೇಟರಿಗೆ ಒಂದು. ಹಾಲಿನ ಡೈರಿ, ಬ್ಯಾಂಕು, ಮೊಬೈಲ್ ಟವರು ಇಂಥ ಕಡೆ ಸಾಲು ಸಾಲು. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಕಾಡಂಚಿನ ಹೊಲಗಳಿಗೆ ಹೋದರೆ, ಆನೆಯನ್ನೂ ಹಂದಿಯನ್ನೂ ತಡೆಯುವ ಸೌರ ತಂತಿಬೇಲಿಗೂ ಬ್ಯಾಟರಿಯೇ ಆಧಾರ. ಇಷ್ಟು ಹತ್ತಿರ ಬಂದು ಕೂತಿರುವ ಪದಾರ್ಥದ ಗುಣ ದೋಷ ಎರಡನ್ನೂ ನಾವು ತಿಳಿದಿರಬೇಕಲ್ಲವೆ? ಇವತ್ತು ಮೂರು ಮಾತು ಹೇಳುತ್ತೇವೆ. ಬ್ಯಾಟರಿಯ ಒಳಗೆ ಏನಿದೆ, ಅದನ್ನು ಹೇಗೆ ಇಡಬೇಕು, ಅದು ಸತ್ತ ಮೇಲೆ ಏನು ಮಾಡಬೇಕು. ಮೂರರಲ್ಲಿ ಕೊನೆಯ ಮಾತೇ ದೊಡ್ಡದು. ಏಕೆಂದರೆ ಕೆಲಸ ಮಾಡುವ ಬ್ಯಾಟರಿಗಿಂತ ಸತ್ತ ಬ್ಯಾಟರಿಯಿಂದ ನಮ್ಮ ಮಕ್ಕಳಿಗೂ ದನಕರುಗಳಿಗೂ ಹೆಚ್ಚು ಕೇಡು.

ಒಳಗೆ ಏನಿದೆ?

ಸೀಸದ ಬ್ಯಾಟರಿಯನ್ನು ಮೊದಲು ಮಾಡಿದವನು ಫ್ರಾನ್ಸ್ ದೇಶದ ಗಾಸ್ತೋನ್ ಪ್ಲಾಂಟೆ, 1859ರಲ್ಲಿ. ಅಂದಿನಿಂದ ಇಂದಿನವರೆಗೆ ಮೂಲಕ್ರಮ ಒಂದೇ. ಸೀಸದ ಫಲಕಗಳು, ಅವು ಮುಳುಗಿರುವಂತೆ ನೀರು ಬೆರೆಸಿದ ಗಂಧಕಾಮ್ಲ. ಇದನ್ನೇ ನಾವು ಆಸಿಡ್ ಎನ್ನುತ್ತೇವೆ. ಇಂಥ ಒಂದೊಂದು ಮನೆಯಿಂದ ಸುಮಾರು 2 ವೋಲ್ಟ್ ಹುಟ್ಟುತ್ತದೆ. ಆರು ಮನೆಗಳನ್ನು ಸಾಲಾಗಿ ಜೋಡಿಸಿದರೆ 12 ವೋಲ್ಟಿನ ಬ್ಯಾಟರಿ ಆಯಿತು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಸೀಸ.

ಆದ್ದರಿಂದ ಬ್ಯಾಟರಿ ಎಂದರೆ ಕರೆಂಟಿನ ಪೆಟ್ಟಿಗೆ ಎಂದಷ್ಟೇ ತಿಳಿಯಕೂಡದು. ಅದರೊಳಗೆ ಸುಡುವ ಆಸಿಡ್ ಇದೆ. ಚಾರ್ಜ್ ಆಗುವಾಗ ಹೊರಬೀಳುವ ಜಲಜನಕ ಎಂಬ ಗಾಳಿ ಇದೆ. ವಿಷವಾದ ಸೀಸ ಇದೆ. ಆಸಿಡ್ ತಾಕಿದರೆ ತಕ್ಷಣ ಉರಿಯುತ್ತದೆ, ನಮಗೆ ಗೊತ್ತಾಗುತ್ತದೆ. ಗಾಳಿ ಹೊತ್ತಿಕೊಂಡರೆ ಢಂ ಎನ್ನುತ್ತದೆ, ಊರಿಗೇ ಗೊತ್ತಾಗುತ್ತದೆ. ಸೀಸ ಮಾತ್ರ ಸದ್ದಿಲ್ಲದೆ ಮೈ ಸೇರುತ್ತದೆ.

ಎಲ್ಲಿ ಇಡಬೇಕು?

ಚಾರ್ಜ್ ಆಗುವಾಗ ಹುಟ್ಟುವ ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಹಗುರವಾದ್ದರಿಂದ ಮೇಲೇರಿ ಸೂರಿನ ಕೆಳಗೆ ನಿಲ್ಲುತ್ತದೆ. ನೂರು ಪಾಲಿನಲ್ಲಿ ನಾಲ್ಕು ಪಾಲು ಜಲಜನಕ ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಆದ್ದರಿಂದ ಬ್ಯಾಟರಿ ಇಡುವ ಕಡೆ ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಇರಲೇಬೇಕು. ಮುಚ್ಚಿದ ಅಲಮಾರಿನಲ್ಲಾಗಲಿ, ಮಂಚದ ಕೆಳಗಾಗಲಿ, ಮಲಗುವ ಕೋಣೆಯಲ್ಲಾಗಲಿ ಇಡಬೇಡಿ. ಒಲೆ, ದೇವರ ದೀಪ, ಊದುಬತ್ತಿ ದೂರವಿರಲಿ. ಬೀಡಿ ಸೇದುತ್ತಾ ಬ್ಯಾಟರಿಯ ಬಿರಡೆ ತೆಗೆದು ಇಣುಕಿ ನೋಡುವುದು ಪೆಟ್ರೋಲ್ ಟ್ಯಾಂಕಿಗೆ ಕಡ್ಡಿ ಗೀರಿ ನೋಡಿದಂತೆ. ನೀರು ಹಾಕುವ ಅಗತ್ಯವಿಲ್ಲದ, ಬಾಯಿ ಮುಚ್ಚಿದ ಬ್ಯಾಟರಿಯೂ ಅತಿಯಾಗಿ ಚಾರ್ಜ್ ಆದರೆ ಗಾಳಿ ಬಿಡುತ್ತದೆ. ಅದಕ್ಕೂ ಇದೇ ನಿಯಮ.

ದನದ ಕೊಟ್ಟಿಗೆ, ಮೇವಿನ ಮನೆ, ಬಿತ್ತನೆ ಬೀಜ, ದವಸದ ಚೀಲ, ಗೊಬ್ಬರ, ಸೀಮೆಎಣ್ಣೆ ಇವುಗಳ ಜೊತೆಯಲ್ಲಿ ಬ್ಯಾಟರಿ ಕೂಡದು. ಬಿಸಿಲು ಬೀಳದ, ಮಳೆನೀರು ನುಗ್ಗದ, ಮಕ್ಕಳ ಕೈಗೆ ಎಟುಕದ ಜಾಗ ನೋಡಿ, ಗಟ್ಟಿಯಾದ ಸಮನೆಲದ ಮೇಲೆ ಪ್ಲಾಸ್ಟಿಕ್ ತಟ್ಟೆ ಹಾಕಿ ಅದರೊಳಗೆ ಇಡಿ. ಆಸಿಡ್ ಜಿನುಗಿದರೂ ತಟ್ಟೆಯಲ್ಲೇ ನಿಲ್ಲುತ್ತದೆ. ಬ್ಯಾಟರಿಯ ಮೇಲೆ ಸ್ಪ್ಯಾನರು, ತಂತಿ, ಕುಡುಗೋಲು ಇಂಥ ಯಾವ ಕಬ್ಬಿಣದ ಸಾಮಾನನ್ನೂ ಇಡಕೂಡದು.

ಕಬ್ಬು ಕಡಿದು ಮುಗಿದ ಮೇಲೆ ಟ್ರಾಕ್ಟರು ತಿಂಗಳುಗಟ್ಟಲೆ ನಿಲ್ಲುವುದುಂಟು. ಆಗ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ತಂತಿ ಕಳಚಿಟ್ಟು, ತಿಂಗಳಿಗೊಮ್ಮೆ ನೋಡಿ. ಮೀಟರಿನಲ್ಲಿ 12.4 ವೋಲ್ಟಿಗಿಂತ ಕೆಳಗೆ ಇಳಿದಿದ್ದರೆ ಮತ್ತೆ ಚಾರ್ಜ್ ಮಾಡಿಸಿ. ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕದ ಮೇಲೆ ಬಿಳಿಯ ಹರಳು ಕಟ್ಟಿ, ಮತ್ತೆ ಚಾರ್ಜ್ ಹಿಡಿಯದೆ ಹಣ ದಂಡವಾಗುತ್ತದೆ.

ಹೇಗೆ ಮುಟ್ಟಬೇಕು?

ಮೊದಲು ಕೈಯ ಉಂಗುರ, ಕಡಗ, ಲೋಹದ ಬಳೆ, ಗಡಿಯಾರ ತೆಗೆದಿಡಿ. "12 ವೋಲ್ಟು ಏನ್ ಮಾಡೀತು ಬುಡಿ, ಶಾಕ್ ಹೊಡೆಯಾಕಿಲ್ಲ" ಎನ್ನುವವರುಂಟು. ಶಾಕ್ ಹೊಡೆಯದೆಂಬುದು ನಿಜ. ಆದರೆ ಪ್ಲಸ್ ಕೊನೆಗೂ ಮೈನಸ್ ಕೊನೆಗೂ ನಡುವೆ ಉಂಗುರವೋ ಸ್ಪ್ಯಾನರೋ ಸೇತುವೆಯಾದರೆ ಕ್ಷಣದಲ್ಲಿ ಕಾದು ಕೆಂಪಾಗಿ ಬೆರಳನ್ನೇ ಸುಡುತ್ತದೆ. ಇನ್ನು ಬ್ಯಾಂಕು ಡೈರಿಗಳಲ್ಲಿ ಹತ್ತು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ್ದರೆ ಅಲ್ಲಿ 120 ವೋಲ್ಟ್ ಇರುತ್ತದೆ. ಅದು ಪ್ರಾಣ ತೆಗೆಯಬಲ್ಲದು. ಮೇಲಿನ ಸ್ವಿಚ್ಚು ತೆಗೆದರೂ ಬ್ಯಾಟರಿಯ ಸಾಲಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಅಂಥದ್ದನ್ನು ಕೆಲಸ ಬಲ್ಲ ಮೆಕಾನಿಕ್ ಅಲ್ಲದೆ ಬೇರೆ ಯಾರೂ ಮುಟ್ಟಕೂಡದು.

ಟ್ರಾಕ್ಟರಿನ ತಂತಿ ಕಳಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಜೋಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಈಗಿನ ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ ಮೈನಸ್ ತಂತಿಯನ್ನು ಗಾಡಿಯ ಮೈಗೆ ಸೇರಿಸಿರುತ್ತಾರೆ. ಅದನ್ನು ಮೊದಲು ಬಿಡಿಸಿದರೆ ಸ್ಪ್ಯಾನರು ತಾಕಿ ಕಿಡಿ ಏಳುವ ಭಯವಿಲ್ಲ.

ಮನೆಯ ಇನ್ವರ್ಟರಿನ ದೊಡ್ಡ ಬ್ಯಾಟರಿ ಐವತ್ತು ಅರುವತ್ತು ಕಿಲೋ ತೂಗುತ್ತದೆ. ಒಬ್ಬರೇ ಎತ್ತಬೇಡಿ. ಇಬ್ಬರು ಸೇರಿ, ಓರೆ ಮಾಡದೆ, ನೆಟ್ಟಗೆ ಎತ್ತಿ. ಗಾಡಿಯಲ್ಲಿ ಒಯ್ಯುವಾಗ ಹಳೆಯ ರಬ್ಬರಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅಲುಗದಂತೆ ಕಟ್ಟಿ. ಅದೇ ಗಾಡಿಯಲ್ಲಿ ತರಕಾರಿ, ಅಕ್ಕಿ, ಹಿಂಡಿ ಹೇರಬೇಡಿ.

ನೀರು ಹಾಕುವ ಬ್ಯಾಟರಿಯಾದರೆ ಅಂಗಡಿಯಲ್ಲಿ ಸಿಕ್ಕುವ ಬ್ಯಾಟರಿ ನೀರನ್ನೇ, ಎಂದರೆ ಡಿಸ್ಟಿಲ್ಡ್ ವಾಟರನ್ನೇ, ಗುರುತಿನವರೆಗೆ ಹಾಕಿ. ಬೋರ್‌ವೆಲ್ ನೀರು, ನಾಲೆ ನೀರು ಯಾವುದೂ ಆಗದು. ಕಾವೇರಿ ನೀರು ನಮಗೆ ತೀರ್ಥವೇ ಸರಿ, ಆದರೆ ಅದರಲ್ಲಿ ಕರಗಿರುವ ಲವಣ ಬ್ಯಾಟರಿಗೆ ಮಾರಕ. ನೀರನ್ನು ಚಾರ್ಜ್ ಆದ ಮೇಲೆ ಹಾಕಿ. ಫಲಕಗಳು ತೇಲಿ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲೇ ಹಾಕಿ. ಆಸಿಡನ್ನು ಮನೆಯಲ್ಲಿ ಬೆರೆಸಲು ಹೋಗಲೇಬೇಡಿ. ಗಟ್ಟಿ ಆಸಿಡಿಗೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಈ ಕೆಲಸಗಳಿಗೆಲ್ಲ ರಬ್ಬರ್ ಕೈಚೀಲವೂ ಕಣ್ಣಿಗೆ ಕನ್ನಡಕವೂ ಇರಲಿ.

ಬ್ಯಾಟರಿ ಊದಿಕೊಂಡರೆ, ಮುಟ್ಟಲಾರದಷ್ಟು ಕಾದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಕೈಗೆ ಸುಲಭವಾಗಿ ಸಿಕ್ಕುವಂತಿದ್ದರೆ ಗೋಡೆಯ ಸ್ವಿಚ್ಚು ಆರಿಸಿ, ಬಾಗಿಲು ತೆರೆದು, ಎಲ್ಲರೂ ಹೊರಗೆ ಬನ್ನಿ. ಆಮೇಲೆ ಮೆಕಾನಿಕ್ಕನ್ನು ಕರೆಸಿ.

ಆಸಿಡ್ ತಾಕಿದರೆ?

ಬ್ಯಾಟರಿಯ ಹತ್ತಿರ ಯಾವಾಗಲೂ ಒಂದು ಬಿಂದಿಗೆ ಒಳ್ಳೆಯ ನೀರು, ಒಂದು ಪೊಟ್ಟಣ ಅಡಿಗೆ ಸೋಡ ಇಟ್ಟಿರಿ. ನೀರು ಮೈಗೆ, ಸೋಡ ನೆಲಕ್ಕೆ. ಇದನ್ನು ಅದಲುಬದಲು ಮಾಡಬೇಡಿ. ನೆಲದ ಮೇಲೆ ಚೆಲ್ಲಿದ ಆಸಿಡಿಗೆ ಸೋಡ ಉದುರಿಸಿದರೆ ನೊರೆ ಏಳುತ್ತದೆ. ನೊರೆ ಏಳುವುದು ನಿಂತರೆ ಆಸಿಡಿನ ತೀಕ್ಷ್ಣ ಸತ್ತಿತೆಂದು ಅರ್ಥ. ಮೈಗೆ ತಾಕಿದರೆ ಬಟ್ಟೆ ಬಿಚ್ಚಿ, ಅರ್ಧ ಗಂಟೆಯ ಕಾಲ ನೀರು ಹೊಯ್ಯುತ್ತಲೇ ಇರಿ. ಬೆಣ್ಣೆ, ಎಣ್ಣೆ, ಅರಿಶಿನ ಹಚ್ಚಕೂಡದು. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಿಡಿಸಿ ಹಿಡಿದು ಅರ್ಧ ಗಂಟೆ ನೀರು ಹಾಯಿಸಿ, ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಬಾಯಿ ಮುಕ್ಕಳಿಸಿ, ಒಡನೆಯೇ ಆಸ್ಪತ್ರೆಗೆ ಎತ್ತಿಕೊಂಡು ಓಡಿ. ಆಸಿಡನ್ನಾಗಲಿ ಬ್ಯಾಟರಿ ನೀರನ್ನಾಗಲಿ ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವನ್ನು ಇಂದೇ ಬಿಡಿ.

ಸತ್ತ ಬ್ಯಾಟರಿ

ಈಗ ಮುಖ್ಯವಾದ ಮಾತಿಗೆ ಬರೋಣ. ಬ್ಯಾಟರಿ ಸತ್ತರೂ ಅದರ ಸೀಸಕ್ಕೆ ಬೆಲೆ ಸಾಯುವುದಿಲ್ಲ. ಹೊಳೆಯ ದಡದ ಊರುಗಳಲ್ಲಿ ಬೀಸುಬಲೆಯ ಅಂಚಿಗೆ ಕಟ್ಟುವುದಕ್ಕೆ ಸೀಸದ ಗುಂಡು ಬೇಕು. "ಹಳೇ ಬ್ಯಾಟ್ರಿ ಒಡದ್ರೆ ಬೇಕಾದಷ್ಟು ಸೀಸ ಬತ್ತದೆ, ಒಲೆ ಮ್ಯಾಲೆ ಕರಗ್ಸುದ್ರೆ ಆಯ್ತು" ಎಂದು ಅನ್ನಿಸುವುದು ಸಹಜ. ಸೀಸ 327 ಡಿಗ್ರಿಗೇ ಕರಗುವುದರಿಂದ ಸೌದೆ ಒಲೆಯ ಶಾಖವೇ ಸಾಕು. ಕೆಲಸ ಸುಲಭ. ಸುಲಭವಾದ್ದರಿಂದಲೇ ಅಪಾಯ. ಒಡೆದಾಗ ಫಲಕದಿಂದ ಉದುರುವ ಬೂದಿಯಂಥ ಪುಡಿ, ಕರಗಿಸಿದಾಗ ಏಳುವ ಹೊಗೆ ಎರಡರಲ್ಲೂ ಸೀಸವಿದೆ. ಅದು ಅಂಗಳದ ಮಣ್ಣಿಗೆ ಬೀಳುತ್ತದೆ. ಆ ಮಣ್ಣಿನಲ್ಲಿ ಆಡುವ ಮಗು ಅದೇ ಕೈಯನ್ನು ಬಾಯಿಗಿಟ್ಟುಕೊಳ್ಳುತ್ತದೆ.

ನುಂಗಿದ ಸೀಸವನ್ನು ಚಿಕ್ಕಮಕ್ಕಳ ಮೈ ದೊಡ್ಡವರ ನಾಲ್ಕೈದರಷ್ಟು ಹೀರಿಕೊಳ್ಳುತ್ತದೆ. ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿಗೆ ಹೊಟ್ಟೆನೋವು, ರಕ್ತಹೀನತೆ, ಮಂಕು ಬರುತ್ತದೆ. ಕಲಿಯುವ ಬುದ್ಧಿ ಕುಗ್ಗುತ್ತದೆ. ಹಾಗೆ ಕುಗ್ಗಿದ್ದು ಮತ್ತೆ ಬಾರದು. ಗರ್ಭಿಣಿಯ ಮೈ ಸೇರಿದ ಸೀಸ ಹೊಟ್ಟೆಯ ಕೂಸಿಗೂ ಮುಟ್ಟುತ್ತದೆ.

ಇದು ಬರೀ ಬೆದರಿಕೆಯಲ್ಲ. ಆಫ್ರಿಕಾದ ಸೆನೆಗಲ್ ದೇಶದ ಡಕಾರ್ ನಗರದ ಅಂಚಿನಲ್ಲಿ ಥಿಯಾರೋಯ್ ಎಂಬ ಜಾಗದಲ್ಲಿ ಜನರು ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದರು. ಆಮೇಲೆ ಅಲ್ಲಿನ ಮಣ್ಣನ್ನೇ ಜರಡಿ ಹಿಡಿದು, ಸೀಸದ ಚೂರು ಆರಿಸಿ ಮಾರುತ್ತಿದ್ದರು. ಬಡವರಿಗೆ ನಾಲ್ಕು ಕಾಸಿನ ದಾರಿ ಅದು. 2007ರ ನವೆಂಬರಿನಿಂದ 2008ರ ಮಾರ್ಚಿಯವರೆಗೆ, ಐದೇ ತಿಂಗಳಲ್ಲಿ, ಆ ಜಾಗದ 18 ಮಕ್ಕಳು ತೀರಿಕೊಂಡವು. ಉಳಿದ ಮಕ್ಕಳ ಮತ್ತು ತಾಯಂದಿರ ರಕ್ತ ಪರೀಕ್ಷೆ ಮಾಡಿದಾಗ ಅದರಲ್ಲಿ ಅತಿಯಾದ ಸೀಸವಿತ್ತು.

ದನಗಳ ಮಾತೂ ಹೀಗೆಯೇ. ಒಡೆದ ಬ್ಯಾಟರಿಯನ್ನು ತಿಪ್ಪೆಯಲ್ಲೋ ಹೊಲದ ಬದುವಿನಲ್ಲೋ ಎಸೆದರೆ ಹಸು ಕರು ಅದನ್ನು ನೆಕ್ಕುತ್ತವೆ. ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ನಡುಗುವುದು, ಗೋಡೆಗೆ ತಲೆಯೊತ್ತಿ ನಿಲ್ಲುವುದು ಇವು ಸೀಸ ತಿಂದ ದನದ ಗುರುತು. ಇಂಥದ್ದು ಕಂಡರೆ ದೃಷ್ಟಿ ತಾಕಿತೆಂದು ಕಾಲ ಕಳೆಯದೆ ಪಶುವೈದ್ಯರನ್ನು ಕರೆಸಿ. ಅವರು ಹೇಳುವವರೆಗೆ ಆ ಹಾಲನ್ನು ಮನೆಯಲ್ಲಿ ಬಳಸಬೇಡಿ, ಡೈರಿಗೂ ಹಾಕಬೇಡಿ. ನಮ್ಮ ಹೆಸರುವಾಸಿ ಬನ್ನೂರು ಕುರಿಗಳೂ ಇಂಥ ಜಾಗದಲ್ಲಿ ಮೇಯದಂತೆ ನೋಡಿಕೊಳ್ಳಿ.

ಹಾಗಾದರೆ ಸತ್ತ ಬ್ಯಾಟರಿಯನ್ನು ಏನು ಮಾಡುವುದು? ಒಡೆಯದೆ, ಆಸಿಡನ್ನು ಚರಂಡಿಗೋ ನಾಲೆಗೋ ಚೆಲ್ಲದೆ, ಹಾಗೆಯೇ ಇಡಿಯಾಗಿ, ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಒಯ್ಯಿರಿ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ, ರಸೀತಿ ಕೇಳಿ ಪಡೆಯಿರಿ. ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಡುತ್ತೇನೆಂದರೂ, ಅವನು ಅದನ್ನು ಯಾವ ಮರದಡಿ ಒಡೆಯುತ್ತಾನೋ, ಅಲ್ಲಿ ಯಾರ ಮಕ್ಕಳು ಆಡುತ್ತಾವೋ ಯೋಚಿಸಿ. ಹಳೆಯ ಬ್ಯಾಟರಿಯನ್ನು ವಾಪಸು ಪಡೆಯಬೇಕೆಂಬ ಕಾನೂನು 2001ರಿಂದಲೇ ಉಂಟು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿದೆ. ಅದರಂತೆ ತಯಾರಕರು ಹಳೆಯದನ್ನು ಸಂಗ್ರಹಿಸಿ, ನೋಂದಾಯಿಸಿದ ಕಾರ್ಖಾನೆಗೆ ಸೇರಿಸಬೇಕು. ಬಳಸುವ ನಾವೂ ಅದನ್ನು ಬೇರೆ ಕಸಕ್ಕೆ ಸೇರಿಸದೆ ಬೇರೆಯಾಗಿ ಕೊಡಬೇಕು.

ನಿಮ್ಮ ಅಂಗಳದಲ್ಲಿ ಹಿಂದೆಂದೋ ಬ್ಯಾಟರಿ ಒಡೆದಿದ್ದರೆ, ಮಕ್ಕಳನ್ನು ಆ ಜಾಗದಿಂದ ದೂರವಿಡಿ. ಒಣ ಪೊರಕೆಯಿಂದ ಗುಡಿಸಬೇಡಿ, ಪುಡಿ ಏಳುತ್ತದೆ. ವೈದ್ಯರಿಗೆ ವಿಷಯ ಹೇಳಿ, ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಬ್ಯಾಟರಿ ಕೆಲಸ ಮಾಡಿದವರು ಅದೇ ಬಟ್ಟೆಯಲ್ಲಿ ಕೂಸನ್ನು ಎತ್ತಿಕೊಳ್ಳಬೇಡಿ. ಮೊದಲು ಕೈಕಾಲು ಸೋಪು ಹಾಕಿ ತೊಳೆದು, ಬಟ್ಟೆ ಬದಲಿಸಿ. ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ.

ಇಷ್ಟು ಓದಿದ ಮೇಲೆ ಪುಸ್ತಕ ಮುಚ್ಚಿಟ್ಟು ಒಮ್ಮೆ ಎದ್ದು ನೋಡಿ. ನಿಮ್ಮ ಮನೆಯ ಬ್ಯಾಟರಿ ಎಲ್ಲಿದೆ? ಮೇಲೆ ಗಾಳಿಕಿಂಡಿ ಇದೆಯೆ? ಪಕ್ಕದಲ್ಲಿ ಮೇವಿದೆಯೆ? ಹಿತ್ತಲ ಮೂಲೆಯಲ್ಲಿ ಸತ್ತ ಬ್ಯಾಟರಿಯೊಂದು ಬಿದ್ದಿದೆಯೆ? ಇದ್ದರೆ, ಮುಂದಿನ ಸಲ ಪೇಟೆಗೆ ಹೋಗುವಾಗ ಅದನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿಕೊಂಡು ಹೋಗಿ, ಅಂಗಡಿಗೆ ಕೊಟ್ಟು ಬನ್ನಿ.