ದೂರದ ದುಡಿಮೆಗೆ ಯಾವ ಗುಳಿಗೆ?

ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದ್ ಮುಟ್ಟುವ ರೈಲು ಹಳಿ 1874ರಲ್ಲಿ ತೆರೆಯಿತು. ಹಳಿಯ ಆ ತುದಿಯಲ್ಲೇ, 1897ರ ಆಗಸ್ಟ್ 20ರಂದು, ರೊನಾಲ್ಡ್ ರಾಸ್ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡರು. ಈ ಭಾಗದ ಜನ ಇಂದಿಗೂ ಹೊಟ್ಟೆಪಾಡಿಗೆ ಊರು ಬಿಡುತ್ತಾರೆ. ತೊಗರಿ ರಾಶಿ ಮುಗಿದ ಮೇಲೆ ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆಗೆ ಗುಳೆ ಹೋಗುವವರಿದ್ದಾರೆ. ವಾಡಿ, ಶಹಾಬಾದ್, ಸೇಡಂ ಸೀಮೆಯ ಸಿಮೆಂಟ್ ಕೆಲಸದಲ್ಲಿ ಪಳಗಿದ ಕೈಗೆ ಆಫ್ರಿಕಾದ ಗುತ್ತಿಗೆಯೂ ಸಿಗಬಹುದು. ಹೀಗೆ ತಿಂಗಳುಗಟ್ಟಲೆ ಮಲೇರಿಯಾ ಸೀಮೆಯಲ್ಲಿ ಇರಬೇಕಾದವರು ಜ್ವರ ಬಾರದಂತೆ ಯಾವ ಗುಳಿಗೆ ನುಂಗಬೇಕು ಎಂಬುದನ್ನು ದಿನಗಳ ಲೆಕ್ಕವೊಂದರಿಂದಲೇ ತೀರ್ಮಾನಿಸಲಾಗದು, ಅವರ ದೇಹ ಮತ್ತು ಕೆಲಸ ಎರಡನ್ನೂ ನೋಡಿಯೇ ಆರಿಸಬೇಕು ಎಂಬುದು ನನ್ನ ವಾದ.

ನಮ್ಮ ರಾಷ್ಟ್ರೀಯ ಮಲೇರಿಯಾ ಔಷಧ ನೀತಿ 6 ವಾರವನ್ನು ಗಡಿಯಾಗಿ ಇಟ್ಟಿದೆ. ಅದಕ್ಕಿಂತ ಕಡಿಮೆ ಅವಧಿಗೆ ದಿನಕ್ಕೊಂದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ಹೆಚ್ಚಿನ ಅವಧಿಗೆ ವಾರಕ್ಕೊಂದು ಮೆಫ್ಲೋಕ್ವಿನ್ 250 ಮಿಲಿಗ್ರಾಂ. ಮೊದಲನೆಯದನ್ನು ಹೊರಡುವ 2 ದಿನ ಮುಂಚೆ, ಎರಡನೆಯದನ್ನು 2 ವಾರ ಮುಂಚೆ ಶುರು ಮಾಡಬೇಕು. ತಿರುಗಿ ಬಂದ ಮೇಲೂ ಎರಡನ್ನೂ 4 ವಾರ ಬಿಡುವಂತಿಲ್ಲ. ಈ ಗಡಿ ಸರ್ಕಾರಿ ವ್ಯವಸ್ಥೆಗೆ ಅನುಕೂಲವಾದದ್ದೇ, ಆದರೆ ಒಬ್ಬೊಬ್ಬ ಮನುಷ್ಯನ ವಿಚಾರಕ್ಕೆ ಬಂದಾಗ ಸಾಲದು. ಮೆಫ್ಲೋಕ್ವಿನ್ ಕೆಲವರಲ್ಲಿ ತಲೆಸುತ್ತು, ಕೆಟ್ಟ ಕನಸು, ಕಾರಣವಿಲ್ಲದ ಭಯ ತರುತ್ತದೆ. ಮೂರ್ಛೆರೋಗ ಅಥವಾ ಮಾನಸಿಕ ತೊಂದರೆ ಇದ್ದವರಿಗೆ ಅದನ್ನು ಕೊಡಲೇಬಾರದು. ಪ್ರಿಹೀಟರ್ ಗೋಪುರದ ತುದಿಯಲ್ಲಿ ನಿಂತು ದುರಸ್ತಿ ಮಾಡುವ ಫಿಟ್ಟರ್‌ಗೆ ತಲೆಸುತ್ತು ಬಂದರೆ ಅದು ಜೀವದ ಪ್ರಶ್ನೆ. ಇಂಥವರಿಗೆ ಡಾಕ್ಸಿಸೈಕ್ಲಿನ್ ಮೇಲು. ಬ್ರಿಟನ್ನಿನ ಮಾರ್ಗಸೂಚಿ ಅದನ್ನು 2 ವರ್ಷದವರೆಗೂ ಸುರಕ್ಷಿತವೆನ್ನುತ್ತದೆ. ಅದೇ ಡಾಕ್ಸಿಸೈಕ್ಲಿನ್ ಬಿಸಿಲಿಗೆ ಚರ್ಮ ಬೇಗ ಸುಡುವಂತೆ ಮಾಡುತ್ತದೆ. ಹಾಗಾಗಿ ಫರಸಿ ಖಣಿಯಲ್ಲಿ ದುಡಿದಂತೆ ಅಲ್ಲಿಯೂ ಇಡೀ ದಿನ ಬಯಲಲ್ಲಿ ದುಡಿಯುವವನಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಮೆಫ್ಲೋಕ್ವಿನ್ನೇ ವಾಸಿ. ಡಾಕ್ಸಿಸೈಕ್ಲಿನ್ ನುಂಗುವ ರೀತಿಯೂ ಮುಖ್ಯ: ಊಟದ ಜೊತೆ, ತುಂಬಿದ ಲೋಟ ನೀರು ಕುಡಿದು, ಅರ್ಧ ಗಂಟೆಯಾದರೂ ಮಲಗದೆ ಇರಬೇಕು. ಹಾಗೇ ಹಾಸಿಗೆಗೆ ಒರಗಿದರೆ ಗುಳಿಗೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣಾಗುತ್ತದೆ. ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಇದು ಸಲ್ಲದು. ಅಟೊವಾಕ್ವೋನ್-ಪ್ರೊಗ್ವಾನಿಲ್ ಎಂಬ ಮೂರನೆಯ ದಾರಿಯೂ ಉಂಟು. ಊರಿಗೆ ಮರಳಿದ ಮೇಲೆ 7 ದಿನ ನುಂಗಿದರೆ ಸಾಕು, ಬೆಲೆ ಮಾತ್ರ ದುಬಾರಿ. ಇಷ್ಟೆಲ್ಲ ಇರುವಾಗ ಇಡೀ ತಂಡಕ್ಕೆ ಒಂದೇ ಪಟ್ಟಿ ಹಂಚುವ ಗುತ್ತಿಗೆದಾರ ಕೆಲಸವನ್ನು ಅರ್ಧಕ್ಕೇ ಬಿಟ್ಟಂತೆ.

'ಚಳಿಜ್ವರ ನಮಗೇನು ಹೊಸದಾ, ಮೈ ಒಗ್ಗಿಕೊಂಡಿದೆ' ಎನ್ನುವವರಿದ್ದಾರೆ. ಮಲೇರಿಯಾಕ್ಕೆ ದೇಹ ಗಳಿಸುವ ಶಕ್ತಿ ಮತ್ತೆಮತ್ತೆ ಸೋಂಕು ತಗುಲಿದರಷ್ಟೇ ಉಳಿಯುತ್ತದೆ. ವರ್ಷಗಟ್ಟಲೆ ಪರದೇಶದಲ್ಲಿದ್ದು ತವರಿಗೆ ಹೋಗುವ ಆಫ್ರಿಕನ್ನರೇ ಅದನ್ನು ಕಳೆದುಕೊಂಡಿರುತ್ತಾರೆ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000 ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ, ಅದರಲ್ಲಿ ನೂರಕ್ಕೆ 95 ಆಫ್ರಿಕಾ ವಲಯದ್ದು. 'ಬಂದಾಗ ನೋಡಿಕೊಂಡರಾಯಿತು' ಎಂಬುದು ಇನ್ನೊಂದು ಮಾತು. ಫಾಲ್ಸಿಪಾರಮ್ ಮಲೇರಿಯಾ ಒಂದೆರಡು ದಿನದಲ್ಲೇ ಮಿದುಳು, ಮೂತ್ರಪಿಂಡಕ್ಕೆ ಏರಬಲ್ಲದು. ಕೆಲಸದ ಕ್ಯಾಂಪಿನಿಂದ ಆಸ್ಪತ್ರೆ ದೂರವಿದ್ದರೆ ಆ ವೇಳೆ ಸಿಗುವುದಿಲ್ಲ.

ಗುಳೆ ಹೋಗುವ ಎಲ್ಲರಿಗೂ ಹೀಗೆ ಗುಳಿಗೆ ಕೊಡಿ ಎಂದು ನಾನು ಹೇಳುತ್ತಿಲ್ಲ. ನೀತಿಯೂ ಅದನ್ನು ಫಾಲ್ಸಿಪಾರಮ್ ಹೆಚ್ಚಿರುವ ಜಾಗಗಳ ಆಯ್ದ ಗುಂಪುಗಳಿಗಷ್ಟೇ ಮೀಸಲಿಟ್ಟಿದೆ. ಮುಂಬೈನ ಕಟ್ಟಡದಡಿ ಮಲಗುವ ಸಂಸಾರಕ್ಕೆ, ಅದರಲ್ಲೂ ಬಸುರಿಗೆ, ಸೊಳ್ಳೆಪರದೆಯೂ ಜ್ವರ ಬಂದ ದಿನವೇ ರಕ್ತಪರೀಕ್ಷೆಯೂ ಬೇಕು. ವೈವಾಕ್ಸ್ ಮಲೇರಿಯಾ ಎಂದು ಗೊತ್ತಾದರೆ ಕ್ಲೋರೊಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ. ಮೂರನೇ ದಿನಕ್ಕೆ ಜ್ವರ ಇಳಿದು ಪಗಾರ ನೆನಪಾಗುತ್ತದೆ, ಉಳಿದ ಗುಳಿಗೆ ಗಂಟಿನಲ್ಲೇ ಉಳಿಯುತ್ತದೆ. ಯಕೃತ್ತಿನಲ್ಲಿ ಮಲಗಿದ ರೋಗಾಣುವನ್ನು ಕೊಲ್ಲುವುದು ಆ ಉಳಿದ ಗುಳಿಗೆಯೇ. ಬಸುರಿಯರಿಗೆ ಮತ್ತು ಜಿ6ಪಿಡಿ ಕಿಣ್ವದ ಕೊರತೆ ಇದ್ದವರಿಗೆ ಪ್ರೈಮಾಕ್ವಿನ್ ಅಪಾಯ, ಅದನ್ನು ವೈದ್ಯರು ನೋಡಿಯೇ ಕೊಡಬೇಕು.

ಆಫ್ರಿಕಾದ ಹಲವು ದೇಶಗಳಿಗೆ ಹಳದಿಜ್ವರದ ಲಸಿಕೆಯ ಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಆ ಪತ್ರ ಸಿಂಧುವಾಗಲು 10 ದಿನ ಬೇಕಾದ್ದರಿಂದ ಲಸಿಕಾ ಕೇಂದ್ರಕ್ಕೆ ಹೇಗೂ ಮುಂಚೆಯೇ ಹೋಗಲೇಬೇಕು. ಆ ಭೇಟಿಯನ್ನು ಇನ್ನೂ ಮುಂಚೆ, ಹೊರಡಲು 3 ವಾರ ಇರುವಾಗಲೇ ಇಟ್ಟುಕೊಂಡು, ಕೆಲಸದ ಸ್ವರೂಪ, ಹಳೆಯ ಕಾಯಿಲೆ, ಈಗ ನುಂಗುತ್ತಿರುವ ಔಷಧ ಎಲ್ಲವನ್ನೂ ಅಲ್ಲಿನ ವೈದ್ಯರ ಮುಂದಿಟ್ಟರೆ ಮಲೇರಿಯಾ ಗುಳಿಗೆಯ ಆಯ್ಕೆಯೂ ಮುಗಿಯುತ್ತದೆ. ಯಾವ ಗುಳಿಗೆಯೂ ನೂರಕ್ಕೆ ನೂರು ಕಾಯುವುದಿಲ್ಲ. ಮರಳಿದ ಮೇಲೆ ಒಂದು ವರ್ಷದೊಳಗೆ, ಅದರಲ್ಲೂ ಮೊದಲ 3 ತಿಂಗಳಲ್ಲಿ ಜ್ವರ ಬಂದರೆ, ಸೇಡಂನಲ್ಲಾಗಲಿ ಶಹಾಬಾದಿನಲ್ಲಾಗಲಿ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಎಲ್ಲಿಂದ ಬಂದೆ ಎಂಬುದನ್ನು. ಇಲ್ಲದಿದ್ದರೆ ಟೈಫಾಯಿಡ್, ಡೆಂಗಿ ಎಂದು ಹುಡುಕುವುದರಲ್ಲೇ ದಿನಗಳು ಕಳೆದುಹೋಗುತ್ತವೆ.